ಕರೆ ಮೊದಲ ಮಾಲೀಕನಿಗೆ, ಪೆಟ್ಟು ಮೂರನೆಯವನಿಗೆ

2024ರ ಫೆಬ್ರವರಿಯಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಸುಮಾರು 7.5 ಲಕ್ಷ ಕಾರುಗಳನ್ನು ರಿಪೇರಿಗೆಂದು ವಾಪಸು ಕರೆಯಿತು. ದೋಷವಿದ್ದದ್ದು ಎಂಜಿನ್ನಿನಲ್ಲಲ್ಲ, ಬ್ರೇಕಿನಲ್ಲೂ ಅಲ್ಲ. ಡ್ರೈವರ್ ಪಕ್ಕದ ಸೀಟಿನೊಳಗಿನ ಪುಟ್ಟ ಸೆನ್ಸರಿನಲ್ಲಿ. ಕೂತವರ ತೂಕ ನೋಡಿ, ಮಗುವಾದರೆ ಏರ್‌ಬ್ಯಾಗ್ ಉಬ್ಬದಂತೆ ತಡೆಯುವುದು ಅದರ ಕೆಲಸ. ಅದೇ ಬಿರುಕು ಬಿಟ್ಟು ಶಾರ್ಟ್ ಆದರೆ? ಗಾಡಿ ಡಿಕ್ಕಿಯಾದ ಕ್ಷಣದಲ್ಲೇ ಚೀಲ ರಪ್ಪನೆ ಉಬ್ಬಿ ಕೂಸಿನ ಮುಖಕ್ಕೇ ಬಡಿಯಬಹುದು. ದೊಡ್ಡವರ ಜೀವ ಉಳಿಸುವ ಚೀಲವೇ ಮಗುವಿನ ಪಾಲಿಗೆ ಯಮ!

ಅಮೆರಿಕದ ಉಸಾಬರಿ ನಮಗೇಕೆ ಎನ್ನುವವರು ಸ್ವಲ್ಪ ತಾಳಬೇಕು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಈ ದೇಶದಲ್ಲೇ 17,362 ಕಾರುಗಳನ್ನು ವಾಪಸು ಕರೆಯಿತು. ಆಲ್ಟೋ, ಈಕೋ, ಬಲೆನೋ, ಎಲ್ಲವೂ ಪೇಟೆಬೀದಿಯಲ್ಲಿ ದಿನಾ ಕಾಣುವ ಗಾಡಿಗಳೇ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕೂಡ 1,390 ಕಾರುಗಳನ್ನು ಕರೆಸಿತು. ಇಲ್ಲಿನ ಅನುಮಾನ ಏರ್‌ಬ್ಯಾಗ್ ಕಂಟ್ರೋಲರ್ ಮೇಲೆ. ಅಪಘಾತವಾದಾಗ ಚೀಲ ಉಬ್ಬದೆಯೇ ಹೋಗಬಹುದೆಂಬ ಭಯ. ಬದಲಿಸುವವರೆಗೆ ಗಾಡಿ ಓಡಿಸಬೇಡಿ ಎಂದೂ ಹೇಳಲಾಯಿತು. ರಿಪೇರಿ ಪುಕ್ಕಟೆ.

ಕಾನೂನಿಲ್ಲವೆ? ಇದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ದೋಷವಿರುವ ಗಾಡಿಗಳನ್ನು ವಾಪಸು ತೆಗೆದುಕೋ ಎಂದು ಕೇಂದ್ರ ಸರ್ಕಾರವೇ ಕಂಪನಿಗೆ ಹುಕುಂ ಮಾಡಬಹುದು.

ಆದರೆ ಸ್ವಾಮಿ, ಕಂಪನಿಯ ಕರೆ ಹೋಗುವುದು ಯಾರಿಗೆ? ಶೋರೂಮಿನ ಪುಸ್ತಕದಲ್ಲಿ ಹೆಸರಿದ್ದವನಿಗೆ. ಆತ ಗಾಡಿ ಮಾರಿ ಕೈ ತೊಳೆದುಕೊಂಡಿದ್ದರೆ? ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡ ಅಂಗಡಿಯವನಿಗೆ ಈ ಸುದ್ದಿ ಹೇಳುವವರು ಯಾರು? ಬಸ್ಸು ತಪ್ಪಿತೆಂದು ಈಕೋ ಹತ್ತಿ, ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆ ಮೇಲಿಟ್ಟುಕೊಂಡು ಕೂರುವ ತಾಯಿಗೆ ಹೇಳುವವರು ಯಾರು?

ಇದಕ್ಕೆ ಕೋಟಿಗಟ್ಟಲೆ ಖರ್ಚು ಬೇಕಿಲ್ಲ. ಗಾಡಿ ಕೈ ಬದಲಾದಾಗಲೆಲ್ಲ ಆರ್‌ಸಿ ಬರುವುದು ಆರ್‌ಟಿಓ ಕಚೇರಿಗೇ. "ರೀಕಾಲ್ ರಿಪೇರಿ ಬಾಕಿ ಇದೆಯೇ?" ಎಂದು ಅಲ್ಲೇ ನೋಡಿ ಹೊಸ ಮಾಲೀಕನಿಗೆ ತಿಳಿಸಲಿ. ವಾಪಸು ಕರೆದ ಗಾಡಿಗಳ ಪಟ್ಟಿ ನೋಟೀಸ್ ಬೋರ್ಡಿಗೂ ಬರಲಿ.

ಅಲ್ಲಿಯವರೆಗೆ ಕಾದು ಕೂರಬೇಡಿ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಹಿಡಿದು ಕಂಪನಿಯ ವರ್ಕ್‌ಶಾಪಿನಲ್ಲಿ ವಿಚಾರಿಸಿ. ಮಗುವನ್ನಂತೂ ಹಿಂದಿನ ಸೀಟಿಗೇ ಕೂರಿಸಿ. ಕೇಳುವುದಕ್ಕೆ ಕಾಸು ಬೇಕಿಲ್ಲ. ಕೇಳದೆ ಹೋದರೆ ತೆರಬೇಕಾದ ಬೆಲೆಯನ್ನು ಯಾವ ಇನ್ಶೂರೆನ್ಸೂ ಕಟ್ಟಿಕೊಡುವುದಿಲ್ಲ.