ಟ್ಯೂನಿಂಗು, ವಾರಂಟಿ ಮತ್ತು ಎರಡು ಸುಳ್ಳು

ಹೊಸ ಬೈಕಿನ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರೋದಿಲ್ಲ, ಆಗಲೇ "ಮಗಾ, ರೀಮ್ಯಾಪ್ ಮಾಡಿಸಿದ್ರೆ ವಾರಂಟಿ ಹೋಗುತ್ತಾ?" ಅಂತ ಯಾರಾದ್ರೂ ಒಬ್ಬರ ಫೋನು. ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರು ಆದ್ದರಿಂದ ಎರಡೂ ಸೇರುವ ಈ ಪ್ರಶ್ನೆಗೆ ನಾನೇ ಸಿಕ್ಕಿಹಾಕಿಕೊಳ್ಳೋದು :-) ಕೇಳುವವರು ಅಷ್ಟು ಹೊತ್ತಿಗೆ ಎರಡು ಉತ್ತರ ಕೇಳಿಸಿಕೊಂಡೇ ಬಂದಿರ್ತಾರೆ. ಸರ್ವೀಸ್ ಸೆಂಟರಿನವರದ್ದು: "ಒಂದು ವೈರ್ ಮುಟ್ಟಿದ್ರೂ ಪೂರ್ತಿ ವಾರಂಟಿ ಕ್ಯಾನ್ಸಲ್ ಸಾರ್." ಟ್ಯೂನಿಂಗ್ ಮಾಡುವವರದ್ದು: "ಸರ್ವೀಸಿಗೆ ಬಿಡೋ ಮುಂಚೆ ಬಿಚ್ಚಿಟ್ಬಿಡಿ ಸಾರ್, ಯಾರಿಗೂ ಗೊತ್ತಾಗಲ್ಲ."

ಎರಡೂ ಸುಳ್ಳು ಅನ್ನೋದು ನನ್ನ ಅಭಿಪ್ರಾಯ. ಮೊದಲನೆಯದು ಹೆದರಿಸೋ ಸುಳ್ಳು, ಎರಡನೆಯದು ಮಾರೋ ಸುಳ್ಳು.

ಮೊದಲು ಟ್ಯೂನಿಂಗ್ ಅಂದ್ರೆ ಏನು ಅಂತ ಸ್ವಲ್ಪ ನೋಡೋಣ. ಕಾರ್ಬ್ಯುರೇಟರ್ ಕಾಲದಲ್ಲಿ ಮೆಕ್ಯಾನಿಕ್ ಅಣ್ಣ ಜೆಟ್ ಬದಲಾಯಿಸಿ, ಸ್ಕ್ರೂ ತಿರುಗಿಸಿ, ಸದ್ದು ಕೇಳಿ ತಲೆ ಆಡಿಸ್ತಿದ್ದ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಬಹುಪಾಲು ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಬಂತು, ಸೈಲೆನ್ಸರಿನ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಕೂತಿತು. ಈಗ ಎಲ್ಲಾ ಇಸಿಯು ಅನ್ನೋ ಪುಟ್ಟ ಕಂಪ್ಯೂಟರಿನ ಕೈಯಲ್ಲಿ. ಅದರೊಳಗೆ ಇರೋದು ಎಕ್ಸೆಲ್ ಶೀಟಿನಂಥ ಕೋಷ್ಟಕಗಳು. ಅಡ್ಡಕ್ಕೆ ಥ್ರಾಟಲ್ ಎಷ್ಟು ತೆರೆದಿದೆ, ಉದ್ದಕ್ಕೆ ಎಷ್ಟು ಆರ್‌ಪಿಎಂ. ಎರಡೂ ಸೇರುವ ಮನೆಯಲ್ಲಿ ಎಷ್ಟು ಪೆಟ್ರೋಲ್ ಚಿಮುಕಿಸಬೇಕು, ಕಿಡಿ ಯಾವಾಗ ಹಾರಿಸಬೇಕು ಅಂತ ಬರೆದಿರತ್ತೆ. ಈ ಅಂಕಿಗಳನ್ನು ತಿದ್ದೋದೇ ರೀಮ್ಯಾಪ್.

ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು ಅಂತ ನಾವು ಪರೀಕ್ಷೆಗೆ ಉರು ಹೊಡೆದಿದ್ವಿ. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡೋಕೆ ಆ ಅನುಪಾತದ ಆಸುಪಾಸಿನಲ್ಲೇ ಇರಬೇಕು. ಆದರೆ ಹೆಚ್ಚು ಶಕ್ತಿ ಬರೋದು ಪೆಟ್ರೋಲ್ ಸ್ವಲ್ಪ ಜಾಸ್ತಿ ಇದ್ದಾಗ, 13ರ ಹತ್ತಿರ. ಕಂಪನಿ ಮ್ಯಾಪಿನಲ್ಲಿ "ಬೀಗ ಹಾಕಿಟ್ಟ ಪವರ್" ಇದೆ ಅಂತ ಜನ ಹೇಳೋದರಲ್ಲಿ ಇಷ್ಟು ನಿಜ ಇದೆ. ಇನ್ನುಳಿದದ್ದು ಬೀಗ ಅಲ್ಲ, ಅಂತರ. ಅದೇ ಬೈಕು ರಾಯಚೂರಿನ ಬಿಸಿಲಲ್ಲೂ ಓಡಬೇಕು, ಆಗುಂಬೆ ಮಳೆಯಲ್ಲೂ ಓಡಬೇಕು, ಖರ್ದುಂಗ್ ಲಾ ಹತ್ತಬೇಕು, ಯಾವುದೋ ಊರಾಚೆ ಬಂಕಿನ ಪೆಟ್ರೋಲನ್ನೂ ಕುಡಿದು ಅರಗಿಸಿಕೊಳ್ಳಬೇಕು. ಕಿಡಿಯನ್ನು ಎರಡು ಡಿಗ್ರಿ ಮುಂಚೆ ಹಾರಿಸಿದರೆ ತಂಪು ಬೆಳಗ್ಗೆ ಮಜಾ ಇರತ್ತೆ. ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಕಾದ ಇಂಜಿನ್ ಮೇಲೆ ಅದೇ ಎರಡು ಡಿಗ್ರಿ ನಾಕಿಂಗ್ ತರಬಹುದು. ನಮ್ಮಲ್ಲಿ ಓಡಾಡೋ ಎಷ್ಟೋ ಬೈಕುಗಳಲ್ಲಿ ಅದನ್ನು ಹಿಡಿಯೋ ನಾಕ್ ಸೆನ್ಸರೇ ಇಲ್ಲ. ಇದರ ಮೇಲೆ ಎಥನಾಲ್. ಶೇಕಡಾ 20 ಬೆರೆಸಿದ ಪೆಟ್ರೋಲಿಗೆ ಆ 14.7 ಅನ್ನೋದೇ ಸುಮಾರು 13.5ಕ್ಕೆ ಇಳಿಯತ್ತೆ. ನಿಮ್ಮ ಮ್ಯಾಪನ್ನು ಯಾವ ಪೆಟ್ರೋಲ್ ಹಾಕಿ ಡೈನೋ ಮೇಲೆ ಟ್ಯೂನ್ ಮಾಡಿದ್ರು ಅಂತ ಕೇಳಿ ನೋಡಿ, ಎಷ್ಟು ಜನ ಉತ್ತರ ಕೊಡ್ತಾರೆ ಅಂತ.

ಇನ್ನು "ಯಾರಿಗೂ ಗೊತ್ತಾಗಲ್ಲ" ಅನ್ನೋ ಮಾತಿಗೆ ಬರೋಣ. ಟ್ಯೂನಿಂಗ್ ಎರಡು ಥರ. ಒಂದು ಪಿಗ್ಗಿಬ್ಯಾಕ್: ಮೂಲ ಇಸಿಯು ಹಾಗೇ ಇರತ್ತೆ, ಮಧ್ಯದಲ್ಲಿ ಒಂದು ಡಬ್ಬಿ ಕೂತು ಸಿಗ್ನಲ್ಲುಗಳನ್ನು ತಿದ್ದತ್ತೆ. ನಮ್ಮ ಬೆಂಗಳೂರಿನ ರೇಸ್ ಡೈನಮಿಕ್ಸ್‌ನವರ ಪವರ್‌ಟ್ರಾನಿಕ್ ಈ ಜಾತಿಯದ್ದು. ಇನ್ನೊಂದು ಫ್ಲ್ಯಾಶ್: ಇಸಿಯು ಒಳಗಿನ ಮ್ಯಾಪನ್ನೇ ಅಳಿಸಿ ಬೇರೆ ಬರೆಯೋದು. ಪಿಗ್ಗಿಬ್ಯಾಕ್ ಬಿಚ್ಚಿದ್ರೆ ಡಬ್ಬಿ ಹೋಗತ್ತೆ ನಿಜ. ಆದರೆ ಸಿಲಿಂಡರ್ ಹೆಡ್ ತೆಗೆದಾಗ ಪಿಸ್ಟನ್ ತಲೆಯ ಮೇಲೆ ನಾಕಿಂಗ್ ಕೊರೆದ ಗುಳಿಗಳನ್ನು ಬಿಚ್ಚಿಡೋಕಾಗತ್ತಾ? ಆರ್‌ಪಿಎಂ ಮಿತಿ ಏರಿಸಿ, ವಾಲ್ವು ತನ್ನ ಜಾಗಕ್ಕೆ ವಾಪಸ್ ಬರುವಷ್ಟರಲ್ಲಿ ಪಿಸ್ಟನ್ ಬಂದು ಗುದ್ದಿದ್ರೆ, ಅರ್ಧಚಂದ್ರದಂಥ ಅದರ ಗುರುತು ಅಲ್ಲೇ ಕೂತಿರತ್ತೆ. ಫ್ಲ್ಯಾಶ್ ಮಾಡಿದ್ದರೆ ಇನ್ನೂ ಸುಲಭ. ಓಬಿಡಿ-2 ವ್ಯವಸ್ಥೆಯಲ್ಲಿ ಇಸಿಯು ತನ್ನ ಕ್ಯಾಲಿಬ್ರೇಶನ್ನಿನ ಗುರುತು ಸಂಖ್ಯೆಯನ್ನೂ ಅದರ ಚೆಕ್‌ಸಮ್ಮನ್ನೂ ಸ್ಕ್ಯಾನರಿಗೆ ಹೇಳಬಲ್ಲದು. ಕೆಲವು ಇಸಿಯುಗಳು ಎಷ್ಟು ಸಲ ಬರೆದರು ಅನ್ನೋ ಲೆಕ್ಕವನ್ನೂ ಇಟ್ಕೊಂಡಿರ್ತವೆ. ಚೆಕ್‌ಸಮ್ ಅಂದ್ರೇನು ಅಂತ ಗೊತ್ತಿರೋ ನಮ್ಮ ಸಾಫ್ಟ್‌ವೇರ್ ಮಂದಿಯೇ "ಗೊತ್ತಾಗಲ್ಲ ಬಿಡು" ಅನ್ನೋದು ನನಗೆ ತಮಾಷೆ.

ಹಾಗಂತ ಸರ್ವೀಸ್ ಸೆಂಟರಿನವರ ಮಾತು ಒಪ್ಪೋಣವಾ? ನನ್ನ ಗೆಳೆಯನೊಬ್ಬನ ಬೈಕಿಗೆ ಪಿಗ್ಗಿಬ್ಯಾಕ್ ಹಾಕಿಸಿದ್ದ. ಮಳೆಗಾಲದಲ್ಲಿ ಮೀಟರ್ ಒಳಗೆ ನೀರು ಹೋಗಿ ಡಿಸ್‌ಪ್ಲೇ ಸತ್ತಿತು. ವಾರಂಟಿ ಇನ್ನೂ ವರ್ಷಕ್ಕಿಂತ ಹೆಚ್ಚಿತ್ತು. ಅವನು ಡಬ್ಬಿ ಬಿಚ್ಚಿಡದೆ, ಇರೋದನ್ನ ಇದ್ದ ಹಾಗೇ ಹೇಳಿ ಬೈಕ್ ಬಿಟ್ಟ. ಜಾಬ್ ಕಾರ್ಡಿನಲ್ಲಿ ಬಂದಿದ್ದು ಒಂದೇ ಸಾಲು: ಹೊರಗಿನ ಪಾರ್ಟ್ ಹಾಕಿದೆ, ಕ್ಲೇಮ್ ತಿರಸ್ಕೃತ. ಇಂಜೆಕ್ಟರಿನ ವೈರಿಗೂ ಮೀಟರಿನ ರಬ್ಬರ್ ಸೀಲಿಗೂ ಏನ್ರೀ ಸಂಬಂಧ? ಕೇಳಿದ್ರೆ "ಸಿಸ್ಟಮ್ಮಲ್ಲಿ ತಗೊಳ್ತಿಲ್ಲ ಸಾರ್". ದುಡ್ಡು ಅವನ ಜೇಬಿಂದ ಹೋಯ್ತು. ನಿಜ ಹೇಳಿದವನಿಗೆ ದಂಡ ಬಿದ್ದರೆ ಮುಂದಿನವನು ಏನು ಮಾಡ್ತಾನೆ? ಬಿಚ್ಚಿಟ್ಟು ಬರ್ತಾನೆ, ಅಷ್ಟೇ.

ನಮ್ಮ ಕೆಲಸದಲ್ಲೂ ಇದು ಇದ್ದದ್ದೇ. ಕಸ್ಟಮರ್ ನಮ್ಮ ಕೋಡಿಗೆ ತಾನೇ ಒಂದು ಪ್ಯಾಚ್ ಹಾಕಿಕೊಂಡು ಆಮೇಲೆ ಟಿಕೆಟ್ ರೈಸ್ ಮಾಡ್ತಾನೆ. ಬೈಕೊಳ್ತೀವಿ, ಲಾಗ್ ಕೇಳ್ತೀವಿ, ಪ್ಯಾಚಿಂದಲೇ ಆಗಿದ್ರೆ ಅದನ್ನು ತೋರಿಸಿ ಕ್ಲೋಸ್ ಮಾಡ್ತೀವಿ. ಪ್ರಿಂಟ್ ಆಗ್ತಿಲ್ಲ ಅನ್ನೋ ಟಿಕೆಟ್ಟನ್ನು ನೀನು ಲಾಗಿನ್ ಪೇಜ್ ಮುಟ್ಟಿದ್ದೀಯ ಅಂತ ಮುಚ್ಚಿದ್ರೆ ಮ್ಯಾನೇಜರ್ ಸುಮ್ನಿರ್ತಾನಾ?

ಅಮೆರಿಕದಲ್ಲಿ ಇದಕ್ಕೆ 1975ರಿಂದಲೇ ಕಾನೂನಿದೆ, ಮ್ಯಾಗ್ನುಸನ್-ಮಾಸ್ ಅಂತ. ನಮ್ಮದೇ ಪಾರ್ಟ್ ಹಾಕಿದ್ರೆ ಮಾತ್ರ ವಾರಂಟಿ ಅಂತ ಕಂಪನಿ ಷರತ್ತು ಹಾಕೋ ಹಾಗಿಲ್ಲ. ಹೊರಗಿನ ಪಾರ್ಟಿನಿಂದಲೇ ಹಾಳಾಗಿದ್ರೆ ಆ ರಿಪೇರಿಯನ್ನಷ್ಟೇ ನಿರಾಕರಿಸಬಹುದು. 2022ರಲ್ಲಿ ಅಲ್ಲಿನ ಎಫ್‌ಟಿಸಿ ಇಂಥದ್ದೇ ವಾರಂಟಿ ಷರತ್ತುಗಳಿಗಾಗಿ ಹಾರ್ಲೆ-ಡೇವಿಡ್ಸನ್ ಮೇಲೆ ಕ್ರಮ ತಗೊಂಡಿತು. ತಮಾಷೆ ಏನಂದ್ರೆ, ಅದೇ ಹಾರ್ಲೆ 2016ರಲ್ಲಿ ತಾನೇ ಮಾರುತ್ತಿದ್ದ 'ಸೂಪರ್ ಟ್ಯೂನರ್'ಗಳಿಂದ ಹೊಗೆ ಜಾಸ್ತಿಯಾಗತ್ತೆ ಅನ್ನೋ ಕೇಸಿನಲ್ಲಿ 1.2 ಕೋಟಿ ಡಾಲರ್ ದಂಡ ಕಟ್ಟೋಕೆ ಒಪ್ಪಿಕೊಂಡಿತ್ತು. ಅಂಥವು ಸುಮಾರು 3.4 ಲಕ್ಷ ಮಾರಾಟವಾಗಿದ್ದವು. ಕಂಪನಿಯ ಮೊಹರು ಇದ್ದ ತಕ್ಷಣ ಟ್ಯೂನಿಂಗ್ ಪವಿತ್ರ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಯೂಟ್ಯೂಬಿನಲ್ಲಿ ಆ ಅಮೆರಿಕದ ಕಾನೂನು ನೋಡಿ ನಮ್ಮ ಹುಡುಗರು ಶೋರೂಮಿನಲ್ಲಿ ವಾದ ಮಾಡ್ತಾರೆ. ಅದು ಇಲ್ಲಿ ನಡೆಯಲ್ಲ ಸ್ವಾಮಿ. ಇಲ್ಲಿ ಮೊದಲು ನೋಡೋದು ನಿಮ್ಮ ವಾರಂಟಿ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ. ಅದರಾಚೆ ಇರೋದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಬೇಕಾದ್ರೆ ಆಯೋಗ ಪಾರ್ಟನ್ನು ಲ್ಯಾಬಿಗೂ ಕಳಿಸಬಹುದು. ಆದರೆ ತಯಾರಿಕೆಯಲ್ಲೇ ದೋಷ ಇತ್ತು ಅಂತ ತೋರಿಸೋ ಭಾರ ಸಾಮಾನ್ಯವಾಗಿ ನಮ್ಮ ತಲೆ ಮೇಲೇ. ಟ್ಯೂನ್ ಮಾಡಿದ ಇಂಜಿನ್ ಹಿಡ್ಕೊಂಡು ಅದನ್ನು ತೋರಿಸೋದು ಎಷ್ಟು ಸುಲಭ ಅಂತ ನೀವೇ ಊಹಿಸಿ.

ಸಾಲದ್ದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗೋ ಹಾಗೆ ವಾಹನ ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಪೆಟ್ರೋಲಿನ ಅಂಕಿ ಸ್ವಲ್ಪ ತಿದ್ದಿದ್ದು ಇದರೊಳಗೆ ಬರತ್ತಾ ಅಂತ ವಕೀಲರು ವಾದ ಮಾಡಿಕೊಳ್ಳಲಿ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು, ಆಕ್ಸಿಜನ್ ಸೆನ್ಸರಿನ ಜಾಗಕ್ಕೆ ಡಮ್ಮಿ ಸಿಕ್ಕಿಸಿದವರ ಪರವಾಗಿ ಮಾತ್ರ ನಾನು ಒಂದು ಮಾತೂ ಆಡಲ್ಲ. ಆ ಹೊಗೆ ಕುಡಿಯೋರು ಸಿಗ್ನಲ್ಲಲ್ಲಿ ಹಿಂದೆ ನಿಂತ ನಾವು.

ನನ್ನ ಪಟ್ಟು ಇಷ್ಟೇ. ಬದಲಾವಣೆಗೂ ಹಾಳಾದ ಭಾಗಕ್ಕೂ ಸಂಬಂಧ ತೋರಿಸೋ ಕೆಲಸ ನಿರಾಕರಿಸುವ ಕಂಪನಿಯದ್ದಾಗಲಿ. ಇಸಿಯು ಓದೋ ಸ್ಕ್ಯಾನರ್, ಬಿಚ್ಚಿ ನೋಡೋ ಸಲಕರಣೆ ಎಲ್ಲಾ ಅವರ ಹತ್ರವೇ ಇರೋದು. ಪಿಸ್ಟನ್, ವಾಲ್ವು, ಕ್ಲಚ್ ಹೋದ್ರೆ ಟ್ಯೂನ್ ಮಾಡಿಸಿದವನು ತೆಪ್ಪಗೆ ದುಡ್ಡು ಕೊಡಲಿ, ಡಬ್ಬಿ ಬಿಚ್ಚಿಟ್ಟು ಹೋಗಿ ಪಾಪದ ಮೆಕ್ಯಾನಿಕ್ಕಿನ ತಲೆ ಕೆಡಿಸೋದು ಬೇಡ. ಸುಳ್ಳು ಲಕ್ಷಣದ ಹಿಂದೆ ಅರ್ಧ ದಿನ ಕಳೆಯೋದು ಅವನೇ. ಮೀಟರ್, ಸ್ವಿಚ್ಚು, ಸಸ್ಪೆನ್ಶನ್ ಸೀಲು ಹೋದ್ರೆ ಕಂಪನಿ ಬಾಯಿ ಮುಚ್ಚಿಕೊಂಡು ಹಾಕಿಕೊಡಲಿ.

ರೀಮ್ಯಾಪ್ ಮಾಡಿಸಲೇಬೇಕು ಅನ್ನೋರು ವಾರಂಟಿ ಮುಗಿಯೋವರೆಗೆ ಕಾದರೆ ಅರ್ಧ ಜಗಳವೇ ಇಲ್ಲ. ಕಾಯೋಕಾಗಲ್ಲ ಅಂದ್ರೆ, ಮೊದಲು ವಿಮೆ ಕಂಪನಿಗೆ ತಿಳಿಸಿ, ಮೂಲ ಮ್ಯಾಪಿನ ಬ್ಯಾಕಪ್ ಇಟ್ಕೊಳ್ಳಿ. ಕ್ಲೇಮ್ ತಿರಸ್ಕರಿಸಿದ್ರೆ ಯಾವ ಪಾರ್ಟು, ಯಾವ ಷರತ್ತು, ಟ್ಯೂನಿಂಗಿಗೂ ಅದಕ್ಕೂ ಏನು ಸಂಬಂಧ ಅಂತ ಜಾಬ್ ಕಾರ್ಡಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲ್ಲ ಅಂದ್ರೆ ಅದೇ ಮಾತನ್ನು ಇಮೇಲಿನಲ್ಲಿ ಕೇಳಿ. ಗ್ರಾಹಕ ಆಯೋಗದ ಮುಂದೆ "ಸಿಸ್ಟಮ್ಮಲ್ಲಿ ತಗೊಳ್ತಿಲ್ಲ" ಅಂತ ಹೇಳೋಕೆ ಅವರಿಗೂ ಸ್ವಲ್ಪ ಕಷ್ಟ ಆಗತ್ತೆ.