ನೂರು ಸಲ ಬಿದ್ದ ವಿಮಾನ, ಒಂದೇ ಸಲದ ಪಾಠ

ಕಳೆದ ಎರಡು ವರ್ಷಗಳಲ್ಲಿ ನಾನು ಕಡಿಮೆಯೆಂದರೂ ನೂರು ಯುದ್ಧವಿಮಾನಗಳನ್ನು ನೆಲಕ್ಕೆ ಕೆಡವಿದ್ದೇನೆ. ಅವುಗಳಲ್ಲಿ ಶತ್ರುವಿನವು ಬೆರಳೆಣಿಕೆಯಷ್ಟು, ಉಳಿದವೆಲ್ಲ ನನ್ನವೇ. ಕುಪ್ಪಗಡ್ಡೆಯ ನಮ್ಮ ಮನೆಯ ಜಗಲಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಮುಂದೆ ಕುಳಿತು ಈ ಸಾಹಸ ನಡೆಯುತ್ತದೆ. ರಾತ್ರಿ ಊಟಕ್ಕೆ ಕರೆಯುವಾಗ ಅಮ್ಮ ಕೇಳುವುದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಬೀಳಿಸ್ದ್ಯೋ ಮಾರಾಯ?"

ಬಿ.ಇಡಿ. ಪ್ರಶಿಕ್ಷಣಾರ್ಥಿಯೊಬ್ಬ ಬೋಧನಾಭ್ಯಾಸದ ಪತ್ರಿಕೆಯಲ್ಲಿ ಕಂಪ್ಯೂಟರ್ ಆಟದ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರ ಎನಿಸಬಹುದು. ಆದರೆ ಸೂಕ್ಷ್ಮಬೋಧನೆ ಮತ್ತು ಅನುಕರಣ ಬೋಧನೆಯಲ್ಲಿ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ನನಗೆ ಗೊತ್ತಾದದ್ದು ಈ ಆಟದಿಂದಲೇ. ಅದನ್ನು ಹೇಳದೆ ಹೋದರೆ ಕೋರ್ಸ್ ಮುಗಿಸಿ ಹೋಗುವಾಗ ಏನೋ ಮುಚ್ಚಿಟ್ಟಂತಾಗುತ್ತದೆ.

ವಿಮಾನದ ಆಟಗಳಲ್ಲಿ ಎರಡು ಬಗೆ. ಮೊಬೈಲ್‌ನಲ್ಲಿ ಮಕ್ಕಳು ಆಡುವ ಬಗೆಯಲ್ಲಿ ಗುಂಡಿ ಒತ್ತಿದರೆ ಕ್ಷಿಪಣಿ, ಮತ್ತೆ ಒತ್ತಿದರೆ ಮತ್ತೊಂದು. ಇಂಧನ ಮುಗಿಯುವುದಿಲ್ಲ, ವಿಮಾನ ಎಷ್ಟು ತಿರುಗಿಸಿದರೂ ತಿರುಗುತ್ತದೆ. ಇನ್ನೊಂದು ಬಗೆ ನಿಜದ ವಿಮಾನವನ್ನು ಆದಷ್ಟು ಹಾಗೆಯೇ ತೋರಿಸಲು ಹೊರಟದ್ದು. 1998ರಲ್ಲಿ ಬಂದ ಫಾಲ್ಕನ್ 4.0, 2001ರ ಐಎಲ್-2 ಸ್ಟರ್ಮೊವಿಕ್, ಈಗಿನ ಡಿಸಿಎಸ್ ವರ್ಲ್ಡ್ ಈ ಸಾಲಿಗೆ ಸೇರಿದವು. ನಾನು ಆಡುವುದು ಡಿಸಿಎಸ್. ಅದರ ಮೂಲ ಆಟ ಉಚಿತ. ಜೊತೆಗೆ ಎರಡು ವಿಮಾನಗಳೂ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಒಂದು ಎರಡನೆಯ ಮಹಾಯುದ್ಧದ ಮಸ್ಟಾಂಗ್ ವಿಮಾನದ ಶಸ್ತ್ರವಿಲ್ಲದ ರೂಪ, ಟಿಎಫ್-51ಡಿ.

ಶಸ್ತ್ರವಿಲ್ಲದ್ದು ತಾನೇ, ಸುಲಭ ಎಂದುಕೊಂಡೆ. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟ ತಕ್ಷಣ ವಿಮಾನ ಎಡಕ್ಕೆ ತಿರುಗಿ ರನ್‌ವೇ ಬಿಟ್ಟು ಹುಲ್ಲಿಗಿಳಿಯಿತು. ಎರಡನೆಯ ಸಲವೂ ಹಾಗೆಯೇ. ಆಟ ಕೆಟ್ಟಿದೆ ಎಂದು ಬೈದೆ. ಹತ್ತನೆಯ ಸಲಕ್ಕೆ ಕೈಪಿಡಿ ತೆರೆದು ಓದಿದೆ. ತಿರುಗುವ ಪ್ರೊಪೆಲ್ಲರ್ ವಿಮಾನವನ್ನು ಎಡಕ್ಕೆ ಎಳೆಯುತ್ತದೆ, ಶಕ್ತಿಯನ್ನು ನಿಧಾನವಾಗಿ ಏರಿಸಬೇಕು, ಬಲಗಾಲಿನ ರಡ್ಡರ್ ಒತ್ತಿ ಸರಿದೂಗಿಸಬೇಕು. ನ್ಯೂಟನ್ನನ ಮೂರನೆಯ ನಿಯಮವನ್ನು ಪಿಯುಸಿಯಿಂದ ಬರೆಯುತ್ತಾ ಬಂದವನು ನಾನು. ಅದು ನನ್ನನ್ನು ರಸ್ತೆ ಬಿಡಿಸಬಲ್ಲದು ಎಂದು ಅವತ್ತೇ ಗೊತ್ತಾದದ್ದು.

ಆಮೇಲೆ ರಿಯಾಯಿತಿ ಬಂದಾಗ ಮಿಗ್-21 ಕೊಂಡೆ. 1963ರಿಂದ ನಮ್ಮ ವಾಯುಪಡೆಯಲ್ಲಿದ್ದು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದ ವಿಮಾನ ಅದು. ಅದರ ಎಂಜಿನ್ ಚಾಲೂ ಮಾಡುವುದನ್ನು ಕಲಿಯಲು ನನಗೆ ಮೂರು ಸಂಜೆ ಬೇಕಾಯಿತು. ಗಾಳಿಯಲ್ಲಿ ಅದು ಬೇರೆಯೇ ಪಾಠ ಹೇಳುತ್ತದೆ. ತ್ರಿಕೋನಾಕಾರದ ಅದರ ರೆಕ್ಕೆ ವೇಗದಲ್ಲಿ ಚೆಂದ. ಆದರೆ ಗಟ್ಟಿಯಾಗಿ ತಿರುಗಿಸಿದರೆ ವೇಗ ಸೋರಿಹೋಗುತ್ತದೆ. ಶತ್ರುವಿನ ಬೆನ್ನು ಹತ್ತುವ ಆಸೆಯಿಂದ ತಿರುಗಿಸುತ್ತಲೇ ಹೋದರೆ ಅರ್ಧ ನಿಮಿಷದಲ್ಲಿ ನಾವೇ ಮರಕ್ಕೆ ಕಟ್ಟಿದ ಕುರಿಯಂತೆ ನಿಂತಿರುತ್ತೇವೆ.

ಇಲ್ಲಿ ಗೆಲ್ಲುವವನು ಶಕ್ತಿಯ ಲೆಕ್ಕ ಇಟ್ಟವನು. ಎತ್ತರ ಎಂದರೆ ಉಳಿತಾಯ ಖಾತೆ, ವೇಗ ಎಂದರೆ ಕೈಯಲ್ಲಿರುವ ಹಣ. ಸೆಕೆಂಡಿಗೆ 200 ಮೀಟರ್ ವೇಗದಲ್ಲಿರುವ ವಿಮಾನ ಮೇಲೇರಿ 100 ಮೀಟರ್ ವೇಗಕ್ಕೆ ಇಳಿದರೆ, ಗಾಳಿಯ ಎಳೆತವನ್ನೂ ಎಂಜಿನ್ನಿನ ನೂಕನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ, ಸುಮಾರು 1,500 ಮೀಟರ್ ಎತ್ತರ ಸಿಗುತ್ತದೆ. ಒಂಬತ್ತನೆಯ ತರಗತಿಯ ಎರಡು ಸೂತ್ರಗಳು ಸಾಕು. ಆ ಲೆಕ್ಕವನ್ನು ಕೈಯಲ್ಲಿ ಹಿಡಿದ ಜಾಯ್‌ಸ್ಟಿಕ್‌ನ ಮೂಲಕ ಅನುಭವಿಸಿದ ದಿನ ಸಿಕ್ಕ ಸಂತೋಷ ನನಗೆ ಯಾವ ಪರೀಕ್ಷೆಯ ಅಂಕದಲ್ಲೂ ಸಿಕ್ಕಿಲ್ಲ. ಗುಡವಿಯ ಕೆರೆಯಲ್ಲಿ ಇಳಿಯುವ ಹಕ್ಕಿ ಕೊನೆಯ ಕ್ಷಣದಲ್ಲಿ ರೆಕ್ಕೆಯನ್ನು ಏಕೆ ಹಾಗೆ ಹಿಂದಕ್ಕೆ ಎತ್ತುತ್ತದೆ ಎಂಬುದೂ ಈಗ ಕಣ್ಣಿಗೆ ಕಾಣುತ್ತದೆ.

ಸಿಟ್ಟು ತರಿಸುವ ಸಂಗತಿಗಳೂ ಕಡಿಮೆಯಿಲ್ಲ. ಹತ್ತಾರು ಜಿಬಿ ಇಳಿಸಿಕೊಳ್ಳಬೇಕು. ನಮ್ಮೂರಿನ ನೆಟ್‌ವರ್ಕ್‌ನಲ್ಲಿ ಅದು ವಾರದ ಕೆಲಸ, ಮಳೆಗಾಲದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಆಟವನ್ನು ನವೀಕರಿಸಿದಾಗ ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಕೈಕೊಡುತ್ತದೆ. ಕೈಪಿಡಿ ನೂರಾರು ಪುಟ, ಎಲ್ಲವೂ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರು ಪಿಯುಸಿ ವಿಜ್ಞಾನದ ಮೊದಲ ತಿಂಗಳು ಹೇಗಿರುತ್ತದೆ ಎಂದು ನೆನಪಿಸಿಕೊಂಡರೆ ಸಾಕು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಂಪ್ಯೂಟರ್ ಓಡಿಸುವ ಶತ್ರು. ನನ್ನ ವಿಮಾನಕ್ಕೆ ಭೌತಶಾಸ್ತ್ರದ ಎಲ್ಲ ನಿಯಮಗಳೂ ಅನ್ವಯಿಸುತ್ತವೆ. ಅವನ ವಿಮಾನ ಹಾರುವುದು ಸರಳಗೊಳಿಸಿದ ಮಾದರಿಯಲ್ಲಿ. ನಿಜದ ಪೈಲಟ್ ಮಾಡುವ ತಪ್ಪುಗಳನ್ನು ಅವನು ಮಾಡುವುದಿಲ್ಲ, ನಿಜದ ಪೈಲಟ್‌ನ ಚಾಲಾಕಿತನವೂ ಅವನಿಗಿಲ್ಲ. ಅವನನ್ನು ಸೋಲಿಸುವುದನ್ನು ಕಲಿತು, ಮನುಷ್ಯರೊಂದಿಗೆ ಆಡಲು ಹೋದರೆ ಮೊದಲ ನಿಮಿಷದಲ್ಲೇ ಹೊಗೆ.

ಈ "ಸರಳಗೊಳಿಸಿದ ಮಾದರಿ"ಯ ಮಾತು ನನಗೆ ನಿಜವಾಗಿ ತಟ್ಟಿದ್ದು ತರಗತಿಯಲ್ಲಿ.

ಸೂಕ್ಷ್ಮಬೋಧನೆಯಲ್ಲಿ ನನ್ನ ವಿದ್ಯಾರ್ಥಿಗಳು ಯಾರು? ನನ್ನ ಸಹಪಾಠಿಗಳು. ಎಲ್ಲರೂ ಪದವೀಧರರು. ನಾನು ಪ್ರಶ್ನೆ ಕೇಳಿದರೆ ಅವರು ನನಗೆ ಬೇಕಾದ ಉತ್ತರವನ್ನೇ, ಬೇಕಾದ ಕ್ರಮದಲ್ಲಿ ಕೊಡುತ್ತಾರೆ. ನಾಳೆ ಅವರ ಸರದಿ ಬಂದಾಗ ನಾನೂ ಹಾಗೆಯೇ ಕೊಡಬೇಕಲ್ಲ! "ಶಕ್ತಿ ಎಂದರೇನು?" ಎಂದರೆ "ಕೆಲಸ ಮಾಡುವ ಸಾಮರ್ಥ್ಯ" ಎಂದು ಒಕ್ಕೊರಲಿನ ಉತ್ತರ. ಹೀಗೆ ಅಭ್ಯಾಸ ಮಾಡಿ ನಾನು ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಗೆ "ಕೆಲಸ ಮತ್ತು ಶಕ್ತಿ" ಪಾಠಕ್ಕೆ ಹೋದೆ. ಮೇಲಕ್ಕೆ ಎಸೆದ ಕಲ್ಲಿನ ಚಿತ್ರ ಬರೆದು ವಿವರಿಸುತ್ತಿದ್ದಾಗ ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಕಲ್ಲು ಮೇಲ್ಗಡೆ ಒಂದ್ ಕ್ಷಣ ನಿಲ್ಲುತ್ತಲ್ಲ, ಆವಾಗ ಶಕ್ತಿ ಎಲ್ಲಿರುತ್ತೆ? ಕಲ್ಲೊಳಗಾ, ಗಾಳಿಯೊಳಗಾ?"

ಇಂಥ ಪ್ರಶ್ನೆಯನ್ನು ನನ್ನ ಸಹಪಾಠಿಗಳು ಎಂದೂ ಕೇಳಿರಲಿಲ್ಲ. ನಾನು ವ್ಯಾಖ್ಯೆಯನ್ನು ಮತ್ತೊಮ್ಮೆ ಹೇಳಿದೆ, ಸ್ವಲ್ಪ ಜೋರಾಗಿ. "ಅರ್ಥವಾಯಿತೇ?" ಎಂದೆ. ಇಡೀ ತರಗತಿ "ಆಯ್ತು ಸಾರ್" ಎಂದಿತು. ಅವಳು ಕುಳಿತಳು. ಆ ದಿನದ ವೀಕ್ಷಣಾ ಪುಸ್ತಕದಲ್ಲಿ ನನಗೆ ಸಿಕ್ಕ ಹಿಮ್ಮಾಹಿತಿ: ವಿಷಯ ನಿರೂಪಣೆ ಚೆನ್ನಾಗಿದೆ, ಕಪ್ಪುಹಲಗೆಯ ಬಳಕೆ ಉತ್ತಮ, ಧ್ವನಿಯ ಏರಿಳಿತದ ಕಡೆ ಗಮನವಿರಲಿ.

ಆ ರಾತ್ರಿ ಆಟದಲ್ಲಿ ಇಳಿಯುವಾಗ ಮಿಗ್ ಮತ್ತೆ ರನ್‌ವೇಗಿಂತ ಮೊದಲೇ ನೆಲ ಮುಟ್ಟಿ ಉರುಳಿತು. ಅಭ್ಯಾಸದಂತೆ ಹಾರಾಟದ ದಾಖಲೆಯನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಅದರಲ್ಲಿ "ಉತ್ತಮ", "ಸುಧಾರಿಸಬೇಕು" ಎಂಬ ಮಾತುಗಳಿಲ್ಲ. ಯಾವ ಕ್ಷಣದಲ್ಲಿ ವೇಗ ಎಷ್ಟಿತ್ತು, ಎತ್ತರ ಎಷ್ಟಿತ್ತು, ಕೈ ಏನು ಮಾಡಿತು ಎಂಬುದಷ್ಟೇ ಇದೆ. ತಪ್ಪು ನಡೆದದ್ದು ಬಿದ್ದ ಜಾಗದಲ್ಲಲ್ಲ, ಅದಕ್ಕೂ ನಲವತ್ತು ಸೆಕೆಂಡು ಮೊದಲು. ಅವಸರದಿಂದ ಎಂಜಿನ್ನಿನ ಶಕ್ತಿ ಇಳಿಸಿದ್ದೆ. ನನ್ನ ಪಾಠದಲ್ಲೂ ಹೀಗೆಯೇ ಆಗಿತ್ತು. ಆ ಹುಡುಗಿಯ ಪ್ರಶ್ನೆಗೆ ಮೊದಲೇ, ಸ್ಥಿತಿಶಕ್ತಿಯನ್ನು ಕಲ್ಲೊಂದರದೇ ಆಸ್ತಿಯಂತೆ ಚಿತ್ರಿಸಿದಾಗಲೇ ನಾನು ದಾರಿ ತಪ್ಪಿದ್ದೆ. ಅದನ್ನು ಯಾರೂ ಬರೆದುಕೊಂಡಿರಲಿಲ್ಲ.

ತರಬೇತಿ ಮತ್ತು ವಾಸ್ತವದ ನಡುವಿನ ಅಂತರದ ಬೆಲೆ ಏನು ಎಂಬುದಕ್ಕೆ ನಮ್ಮ ವಾಯುಪಡೆಯ ಇತಿಹಾಸದಲ್ಲೇ ಒಂದು ಉದಾಹರಣೆ ಇದೆ. ಬಹಳ ವರ್ಷ ಯುವ ಪೈಲಟ್‌ಗಳು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್‌ನಂಥ ನಿಧಾನಗತಿಯ ತರಬೇತಿ ವಿಮಾನದಿಂದ, ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ನೆಲ ಮುಟ್ಟುವ ಮಿಗ್-21ಕ್ಕೆ ಜಿಗಿಯಬೇಕಿತ್ತು. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕು ಎಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. 66 ಹಾಕ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಅವು ನಮ್ಮ ಬೀದರ್ ವಾಯುನೆಲೆಯಲ್ಲಿ ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು 2008ರಲ್ಲಿ. ಇಪ್ಪತ್ತಾರು ವರ್ಷ ಆ ಮೆಟ್ಟಿಲು ಇರಲಿಲ್ಲ. ಆ ಅವಧಿಯ ಮಿಗ್ ಅಪಘಾತಗಳಿಗೆ ಹಲವು ಕಾರಣಗಳಿದ್ದವು. ತರಬೇತಿಯ ಈ ಕಂದರವೂ ಅವುಗಳಲ್ಲಿ ಒಂದೆಂದು ಮತ್ತೆ ಮತ್ತೆ ಹೇಳಲಾಗಿದೆ.

ನಮ್ಮ ತರಗತಿಯಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಎರಡನೆಯ ಬೆಂಚಿನಲ್ಲಿ ಒಂದು ಪ್ರಶ್ನೆ ಸತ್ತರೆ ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ.

ವಿಚಿತ್ರವೆಂದರೆ, ಶಿಕ್ಷಕರ ತರಬೇತಿಗೆ ಈ ಮೆಟ್ಟಿಲನ್ನು ಎಂದೋ ಕಟ್ಟಿಕೊಡಲಾಗಿದೆ. ಸೂಕ್ಷ್ಮಬೋಧನೆ 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರಿಂದ ಹುಟ್ಟಿತು ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆಯುತ್ತೇವೆ. ಎನ್‌ಸಿಇಆರ್‌ಟಿಯ ಭಾರತೀಯ ಮಾದರಿಯ ಚಕ್ರ 36 ನಿಮಿಷದ್ದು: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಗಮನಿಸಿ, ಅತಿ ಹೆಚ್ಚು ಸಮಯ ಮೀಸಲಾಗಿರುವುದು ಮತ್ತೆ ಯೋಚಿಸುವುದಕ್ಕೆ. ಬಿದ್ದ ಮೇಲೆ ಎದ್ದು ಇನ್ನೊಮ್ಮೆ ಹಾರುವುದೇ ಈ ವಿಧಾನದ ಜೀವ. ನಮ್ಮಲ್ಲಿ ಆಗುವುದೇನು? ಮೊದಲ ಎರಡು ಹಂತ ಮುಗಿಯುತ್ತಿದ್ದಂತೆ ಮುಂದಿನವರ ಹೆಸರು ಕರೆಯುತ್ತಾರೆ. ಉಳಿದ 24 ನಿಮಿಷ ದಾಖಲೆ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ. ಇದರಲ್ಲಿ ಉಪನ್ಯಾಸಕರನ್ನು ದೂರುವುದು ನ್ಯಾಯವಲ್ಲ. ತಂಡ ದೊಡ್ಡದು, ದಿನಗಳು ಕಡಿಮೆ. "ಮರುಬೋಧನೆ"ಯ ಪುಟವನ್ನು ಹಿಂದಿನ ರಾತ್ರಿಯೇ ತುಂಬಿಸಿಟ್ಟುಕೊಂಡು ಬರುವವರು ನಾವೇ. ನಾನೂ ತುಂಬಿಸಿದ್ದೇನೆ.

ಆ ಪಾಠವನ್ನು ನಾನು ಮುಂದಿನ ವಾರ ಇನ್ನೊಂದು ವಿಭಾಗದಲ್ಲಿ ಮತ್ತೆ ಮಾಡಿದೆ. ಅಂಕಕ್ಕೆ ಸೇರದ ಪಾಠ ಅದು. ಅಲ್ಲಿನ ವಿಜ್ಞಾನ ಶಿಕ್ಷಕರು ದೊಡ್ಡ ಮನಸ್ಸು ಮಾಡಿ ತಮ್ಮ ಅವಧಿ ಬಿಟ್ಟುಕೊಟ್ಟರು. ಅಡಿಕೆ ಕೊಯ್ಲಿನ ಕಾಲ. ಕಲ್ಲನ್ನು ಬಿಟ್ಟು ಕೊನೆಗಾರನಿಂದ ಶುರುಮಾಡಿದೆ. ಕೊನೆಯನ್ನು ಹಗ್ಗದಲ್ಲಿ ಜಾರಿಸುವುದೇಕೆ, ಸುಮ್ಮನೆ ಬಿಟ್ಟರೇನು? ಹತ್ತು ಮೀಟರ್ ಎತ್ತರದಿಂದ ಬಿಟ್ಟ ಕೊನೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿರುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಆ ವೇಗ ಎಲ್ಲಿಂದ ಬಂತು? ಭೂಮಿ ಎಳೆಯದಿದ್ದರೆ ಬರುತ್ತಿತ್ತೇ? ಹಾಗಾದರೆ ಆ ಶಕ್ತಿ ಕೊನೆಯದೊಂದೇ ಅಲ್ಲ, ಕೊನೆ ಮತ್ತು ಭೂಮಿ ಎರಡೂ ಸೇರಿದ ಜೋಡಿಯದು ಎಂಬಲ್ಲಿಗೆ ತರಗತಿ ಬಂದು ನಿಂತಿತು. ಈ ಸಲವೂ ತಪ್ಪುಗಳಾದವು, ಆದರೆ ಅವು ಹೊಸ ತಪ್ಪುಗಳು.

ಕೊನೆಯ ದಿನ ಮೊದಲ ವಿಭಾಗದ ಆ ಹುಡುಗಿ ವರಾಂಡದಲ್ಲಿ ಸಿಕ್ಕಳು. ಅವಳ ಪ್ರಶ್ನೆಗೆ ಉತ್ತರ ಹೇಳಿದೆ. ಕೇಳಿಸಿಕೊಂಡು ಅವಳು, "ಅವತ್ತೇ ಹೇಳ್ಬೋದಿತ್ತಲ್ಲ ಸಾರ್" ಎಂದಳು. ಹೇಳಬಹುದಿತ್ತು. ನೂರು ಸಲ ವಿಮಾನ ಬೀಳಿಸಿ ಕಲಿತವನಿಗೆ ಪಾಠದಲ್ಲಿ ಬೀಳಲು ಜಾಗವೇ ಸಿಕ್ಕಿರಲಿಲ್ಲ. ಮೊದಲ ಸಲ ಬಿದ್ದದ್ದು ಅವಳ ಮುಂದೆ.

ಆಟವನ್ನು ಹೊಗಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಯುದ್ಧದ ಸಿಮ್ಯುಲೇಟರ್ ಒಂದು ವಿಷಯದಲ್ಲಿ ದೊಡ್ಡ ಸುಳ್ಳು ಹೇಳುತ್ತದೆ. ಪ್ರತಿಯೊಂದು ಸ್ವಿಚ್ಚನ್ನೂ ನಿಜದಂತೆ ತೋರಿಸುವ ಅದು, ಬಾಂಬು ಬಿದ್ದ ಮನೆಯೊಳಗೆ ಯಾರಿದ್ದರು ಎಂದು ತೋರಿಸುವುದಿಲ್ಲ. ಬಿದ್ದವನಿಗೆ ನೋವಿಲ್ಲ, ಭಯವಿಲ್ಲ, ಮತ್ತೆ ಶುರುಮಾಡುವ ಗುಂಡಿಯಿದೆ. ಆದ್ದರಿಂದಲೇ ಕಾದಾಟವನ್ನು ತರಗತಿಗೆ ಒಯ್ಯುವ ಯೋಚನೆ ನನಗಿಲ್ಲ. ಹಾರುವುದು, ಇಳಿಯುವುದು ಸಾಕು. ಮಕ್ಕಳು ಎದುರಾಳಿಗಳೂ ಅಲ್ಲ. ಸಮಯ ತಿನ್ನುವ ವಿಷಯದಲ್ಲೂ ಆಟ ಕ್ರೂರ. ಎರಡು ಪಾಠಯೋಜನೆಗಳನ್ನು ಅದಕ್ಕಾಗಿ ತಡವಾಗಿ ಸಲ್ಲಿಸಿ ಬೈಸಿಕೊಂಡಿದ್ದೇನೆ.

ಆದರೂ ಅದರಿಂದ ಕಡ ತರಬಹುದಾದ ಮೂರು ಸಂಗತಿಗಳನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡುತ್ತೇನೆ. ಸಹಪಾಠಿ ವಿದ್ಯಾರ್ಥಿಯಾಗಿ ಕುಳಿತಾಗ ನಾವು ಪದವೀಧರರಂತೆ ಉತ್ತರಿಸುವುದನ್ನು ಬಿಡೋಣ. ಶಾಲೆಯಲ್ಲಿ ನಿಜವಾಗಿ ಕೇಳಿದ ಪ್ರಶ್ನೆಗಳನ್ನು, ಮಕ್ಕಳು ನಿಜವಾಗಿ ಮಾಡಿದ ತಪ್ಪುಗಳನ್ನು ಬರೆದಿಟ್ಟುಕೊಂಡು ಅವನ್ನೇ ಕೇಳೋಣ. ಹಿರಿಯ ತಂಡ ಕಿರಿಯ ತಂಡಕ್ಕೆ ಕೊಡಬಹುದಾದ ಒಳ್ಳೆಯ ಉಡುಗೊರೆ ಅಂಥದೊಂದು ನೋಟ್‌ಬುಕ್. ಎರಡನೆಯದು, ಹಿಮ್ಮಾಹಿತಿಯಲ್ಲಿ ಗುಣವಾಚಕಗಳಿಗಿಂತ ಮೊದಲು ಘಟನೆ ಬರಲಿ: ಯಾವ ನಿಮಿಷದಲ್ಲಿ, ಯಾರು, ಏನು ಕೇಳಿದರು, ನಾವು ಏನು ಮಾಡಿದೆವು. ಪಾಠ ಮಾಡಿದವರೇ ಮೊದಲು ಮಾತಾಡಲಿ. ಮೂರನೆಯದು, ಎಲ್ಲ ಕೌಶಲಗಳಿಗೆ ಆಗದಿದ್ದರೂ ಒಂದೇ ಒಂದು ಕೌಶಲಕ್ಕಾದರೂ ಮರುಬೋಧನೆಯನ್ನು ನಿಜವಾಗಿ, ಅಂಕಗಳ ಹಂಗಿಲ್ಲದೆ ಮಾಡಲು ಅವಕಾಶವಿರಲಿ.

ಈಗ ಶಿವಮೊಗ್ಗದ ಸೋಗಾನೆಯಲ್ಲಿ ನಿಜದ ವಿಮಾನಗಳು ಇಳಿಯುತ್ತಿವೆ. 2023ರಲ್ಲಿ ಉದ್ಘಾಟನೆಯಾದ ಅಲ್ಲಿನ ರನ್‌ವೇ 3.2 ಕಿ.ಮೀ. ಉದ್ದವಿದೆ. ಅದರ ಮೇಲೆ ಇಳಿಯುವ ಪೈಲಟ್ ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಮೊದಲು ಸಿಮ್ಯುಲೇಟರ್‌ನಲ್ಲಿ ಎಂಜಿನ್ ಕೆಟ್ಟದ್ದನ್ನು, ದಾರಿ ಕಾಣದ್ದನ್ನು ಹಲವು ಸಲ ಎದುರಿಸಿರುತ್ತಾರೆ. ಆ ನಂಬಿಕೆಯಿಂದಲೇ ನಾವು ಟಿಕೆಟ್ ಕೊಳ್ಳುತ್ತೇವೆ. ನಲವತ್ತು ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸುವ ತಂದೆ ತಾಯಂದಿರೂ ಅಷ್ಟೇ ನಂಬಿಕೆ ಇಟ್ಟಿರುತ್ತಾರೆ.

— ಬಿ.ಇಡಿ. ಪ್ರಶಿಕ್ಷಣಾರ್ಥಿ, ಕುಪ್ಪಗಡ್ಡೆ