ನಡೆಯುವ ಮನೆ

ಕಳೆದ ಶ್ರಾವಣದ ಒಂದು ಸಂಜೆ ಮಸಗುಪ್ಪಿಯಲ್ಲಿ ನಮ್ಮ ಕಾಕಾ ಅವರ ಮನೆಯ ಮುಂದೆ ಒಂದು ವಿಚಿತ್ರ ವಾಹನ ಬಂದು ನಿಂತಿತು. ಹೊರಗಿನಿಂದ ನೋಡಿದರೆ ಬಸ್ಸಿನ ತಮ್ಮನೆನ್ನಬೇಕು. ಒಳಹೊಕ್ಕರೆ ನಾಲ್ವರು ಮಲಗುವಷ್ಟು ಹಾಸಿಗೆ, ಅಡಿಗೆಯ ಕಟ್ಟೆ, ಚಿಕ್ಕ ಫ್ರಿಜ್ಜು, ಮಡಿಚಿಡುವ ಮೇಜು. ಹಿಂದುಗಡೆ ಕದವಿಕ್ಕಿಕೊಳ್ಳಬಹುದಾದ ಒಂದು ಪುಟ್ಟ ಶೌಚದ ಕೋಣೆ. ಬೆಂಗಳೂರಿನಲ್ಲಿರುವ ನನ್ನ ಸಹಪಾಠಿಯೊಬ್ಬರು ಅದನ್ನು ಬಾಡಿಗೆಗೆ ಹಿಡಿದು ಹೆಂಡತಿ ಮಕ್ಕಳೊಡನೆ ಗೋಕಾಕದ ಜಲಪಾತವನ್ನು ನೋಡಲು ಬಂದವರು, ನನ್ನ ಕರೆಗೆ ಓಗೊಟ್ಟು ಹಳ್ಳಿಯವರೆಗೂ ಬಂದಿದ್ದರು. ಕ್ಯಾರವಾನ್ ಎಂದು ಅದರ ಹೆಸರು. ಅರ್ಧ ಊರು ಅದರ ಸುತ್ತ ನೆರೆಯಿತೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಅವ್ವ ಸಾಮಾನ್ಯವಾಗಿ ಇಂಥ ಕೌತುಕಗಳಿಗೆ ಮನಸೋಲುವವಳಲ್ಲ. ಅಂದು ಮಾತ್ರ ಸೆರಗು ಬಿಗಿದುಕೊಂಡು ಮೆಟ್ಟಿಲೇರಿದಳು. ಹಾಸಿಗೆಯನ್ನು ಒತ್ತಿ ನೋಡಿದಳು, ಅಡಿಗೆಯ ಕಟ್ಟೆಯನ್ನು ಕಂಡು, "ಇದರಾಗ ರೊಟ್ಟಿ ಬಡಿಯಾಕ ಹೆಂಗ ಬರತೈತಿ?" ಎಂದು ನಕ್ಕಳು. ಹಿಂದಿನ ಪುಟ್ಟ ಕದವನ್ನು ತೆರೆದವಳು ಮಾತ್ರ ಬಹಳ ಹೊತ್ತು ಅಲ್ಲಿಯೇ ನಿಂತುಬಿಟ್ಟಳು. ಇಳಿದು ಬಂದ ಮೇಲೆ ನನಗೊಬ್ಬನಿಗೇ ಕೇಳುವಂತೆ, "ಆವತ್ತ ಇದು ಇದ್ದಿದ್ದರ ನಾ ಬೀಳತಿದ್ದಿಲ್ಲೋ ತಮ್ಮಾ" ಎಂದಳು.

'ಆವತ್ತು' ಎಂದರೆ ಯಾವತ್ತೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ವಾಚಕರಿಗೆ ಹೇಳಲು ತುಸು ಸಂಕೋಚವಾಗುತ್ತದೆ. ಏಕೆಂದರೆ ಆ ಕತೆಯ ಅಪರಾಧಿ ನಾನೇ.

2022ರ ದಸರೆಯ ರಜೆಯಲ್ಲಿ ಮನೆಯವರೆಲ್ಲ ಕೂಡಿ ಐದು ದಿನಗಳ ಪ್ರವಾಸ ಹೊರಟಿದ್ದೆವು. ಒಟ್ಟು ಹನ್ನೊಂದು ಜನ, ಒಂದು ಟೆಂಪೋ ಟ್ರಾವೆಲರ್. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಂಪೆ, ಚಿತ್ರದುರ್ಗ. ಕನ್ನಡ ಎಂ.ಎ. ಮಾಡಿದವನ ಕೈಗೆ ಇಂಥ ಪ್ರವಾಸದ ವ್ಯವಸ್ಥೆ ಸಿಕ್ಕರೆ ಏನಾಗುವುದೆಂದು ಊಹಿಸಬಹುದು. ಯಾವ ಗುಡಿಗೆ ಎಷ್ಟು ನಿಮಿಷ, ಯಾವ ಶಾಸನದ ಮುಂದೆ ಎಷ್ಟು ನಿಮಿಷ, ಊರಿಂದೂರಿಗೆ ಎಷ್ಟು ಕಿಲೋಮೀಟರು ಎಂದು ಎರಡು ಹಾಳೆಗಳ ವೇಳಾಪಟ್ಟಿ ಬರೆದಿದ್ದೆ. ಎರಡು ದಿನ ಎಲ್ಲವೂ ಪಟ್ಟಿಯಂತೆಯೇ ನಡೆಯಿತು. ಮೂರನೆಯ ದಿನ ಹಂಪೆಯಿಂದ ಚಿತ್ರದುರ್ಗದ ಕಡೆಗೆ ಹೊರಟು ಕೂಡ್ಲಿಗಿಯನ್ನು ದಾಟಿದ್ದೆವಷ್ಟೆ. ಅವ್ವ ತಲೆನೋವೆಂದು ಕಿಟಕಿಗೆ ಒರಗಿದವಳು ಹಾಗೆಯೇ ಜಾರಿ ನನ್ನ ತಂಗಿಯ ತೊಡೆಯ ಮೇಲೆ ಬಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕರೆದರೆ 'ಹೂಂ' ಎನ್ನುವಷ್ಟೂ ತ್ರಾಣವಿರಲಿಲ್ಲ.

ಸಮೀಪದ ಆಸ್ಪತ್ರೆಯಲ್ಲಿ ಸಲೈನು ಏರಿಸಿದರು. ಪುಣ್ಯಕ್ಕೆ ಹೃದಯದ ತೊಂದರೆಯೇನೂ ಆಗಿರಲಿಲ್ಲ. ತರುಣ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೆಂದರೆ, "ಬೆಳಗಿನಿಂದ ಎಷ್ಟು ನೀರು ಕುಡಿದಿದ್ದಾರೆ?" ನನಗೆ ಉತ್ತರ ತಿಳಿದಿರಲಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ ರಾಣಿಯ ಹೆಸರು ಲೋಕಮಹಾದೇವಿ ಎಂಬುದು ಗೊತ್ತಿತ್ತು. ಹೆತ್ತ ತಾಯಿ ಕುಡಿದ ನೀರಿನ ಲೆಕ್ಕ ಗೊತ್ತಿರಲಿಲ್ಲ.

ಅವ್ವ ಚೇತರಿಸಿಕೊಂಡ ಮೇಲೆ ತಾನೇ ಹೇಳಿದಳು. ಹಿಂದಿನ ರಾತ್ರಿಯಿಂದ ಅವಳು ಕುಡಿದುದು ಅರ್ಧ ತಂಬಿಗೆ ನೀರು, ಒಂದು ಬಟ್ಟಲು ಚಹ. ಅಷ್ಟೇ ಅಲ್ಲ, ರಕ್ತದೊತ್ತಡಕ್ಕೆಂದು ಕೊಟ್ಟ ಗುಳಿಗೆಗಳಲ್ಲಿ ಒಂದು ಮೂತ್ರವನ್ನು ಹೆಚ್ಚಿಸುತ್ತದೆಂದು ತಿಳಿದು, ಪ್ರವಾಸ ಹೊರಟಂದಿನಿಂದ ಅದನ್ನು ನುಂಗುವುದನ್ನೇ ಬಿಟ್ಟಿದ್ದಳು. "ಗಂಡಸರ ಮುಂದ ಎಷ್ಟ ಸಲ ಗಾಡಿ ನಿಂದರಸ್ರಿ ಅನ್ನೂದು? ಒಮ್ಮೆ ಅಂದರ ನೀ ಗಡಿಯಾರ ನೋಡತಿ" ಎಂದಳು. ದೂರುವ ಧ್ವನಿಯೇ ಅಲ್ಲ. ಹವೆಯ ವಿಷಯ ಹೇಳಿದಂತೆ ಹೇಳಿದಳು. ಆ ಮಾತಿಗೆ ಮರುನುಡಿಯಲು ನನ್ನ ಹತ್ತಿರ ಏನಿತ್ತು?

ಅದಕ್ಕಿಂತಲೂ ಹೆಚ್ಚಿನ ಪೆಟ್ಟು ಆ ರಾತ್ರಿ ಕಾದಿತ್ತು. ನನ್ನ ಹೆಂಡತಿಯೂ ತಂಗಿಯೂ ಅದನ್ನೇ ಮಾಡಿದ್ದರು! ಅವರಿಗೆ ಅದು ಹೊಸದೂ ಆಗಿರಲಿಲ್ಲ. ಶಾಲೆಯ ಪ್ರವಾಸ, ಮದುವೆಯ ದಿಬ್ಬಣ, ರಾತ್ರಿಯ ಬಸ್ಸು—ಎಲ್ಲ ಕಡೆಗೂ ಅವರು ಬಾಯಾರಿಕೆಯನ್ನು ನುಂಗಿಕೊಂಡೇ ಹೋಗಿಬಂದವರು. ಎಂಟು ವರ್ಷದ ನನ್ನ ಮಗಳೂ ಯಾರೂ ಕಲಿಸದೆಯೇ ನೀರಿನ ಬಾಟಲಿಯನ್ನು ಮುಟ್ಟದೆ ಕುಳಿತಿದ್ದಳು. ಹನ್ನೊಂದು ಜನರ ಆ ವಾಹನದಲ್ಲಿ ಸುಖವಾಗಿ ಪ್ರಯಾಣ ಮಾಡಿದವರು ಗಂಡಸರು ಮಾತ್ರ.

ಈ ಸಂಗತಿಯನ್ನು ಮಸಗುಪ್ಪಿಯ ಕಾಕಾ ಅವರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬೇವಿನ ಮರದ ಕೆಳಗೆ ನೊಗ ನೆಲಕ್ಕೂರಿ ನಿಂತಿದ್ದ ಹಳೆಯ ಚಕ್ಕಡಿಯ ಕಡೆಗೆ ಕೈ ತೋರಿಸಿ, "ಅದರಾಗ ನಿಮ್ಮವ್ವ ಎಷ್ಟ ಸಲ ಗುಡ್ಡಕ್ಕ ಹೋಗ್ಯಾಳ ಗೊತ್ತೈತೇನು? ಒಮ್ಮೆರ ಬಿದ್ದಾಳೇನು ಕೇಳು" ಎಂದರು.

ಗುಡ್ಡವೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಗೋಕಾಕ, ಯರಗಟ್ಟಿಯ ಮೇಲಿನಿಂದ ಎಪ್ಪತ್ತು-ಎಂಬತ್ತು ಕಿಲೋಮೀಟರಿನ ದಾರಿ. ನಾನು ಒಂಬತ್ತು ವರ್ಷದವನಿದ್ದಾಗ, 1997ರ ಬನದ ಹುಣ್ಣಿಮೆಗೆ ಆ ಚಕ್ಕಡಿಯಲ್ಲಿ ಹೋದುದು ನನಗೆ ಚೆನ್ನಾಗಿ ನೆನಪಿದೆ. ದಾರಿಯಲ್ಲಿ ಎರಡು ರಾತ್ರಿ ತಂಗಿದ್ದೆವು. ಬಿದಿರಿನ ಕಮಾನುಗಳನ್ನು ಬಗ್ಗಿಸಿ ಕಟ್ಟಿ, ಮೇಲೆ ತಾಡಪಾಲು ಹೊದಿಸಿ, ಚಕ್ಕಡಿಯನ್ನು ಮನೆಯನ್ನಾಗಿ ಮಾಡುತ್ತಿದ್ದರು. ತಳದಲ್ಲಿ ಮೊಳದುದ್ದ ಹುಲ್ಲು, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಕೌದಿ. ಈ ಹುಲ್ಲು ನಮಗೆ ಹಾಸಿಗೆಯೂ ಹೌದು, ಎತ್ತುಗಳಿಗೆ ಮೇವೂ ಹೌದು. ಆದುದರಿಂದ ಹೋಗುವಾಗ ಮೆತ್ತಗಿದ್ದ ಹಾಸಿಗೆ ಬರುವಾಗ ಹಲಗೆಯಾಗಿರುತ್ತಿತ್ತು. ಹಿಂದಿರುಗುವ ದಾರಿ ಯಾವಾಗಲೂ ಉದ್ದವೆಂದು ಹಿರಿಯರು ಹೇಳುವುದರ ಅರ್ಥವನ್ನು ನನ್ನ ಬೆನ್ನು ಅಂದು ತಿಳಿದುಕೊಂಡಿತು.

ಸಾಮಾನು ಹೇರುವುದರಲ್ಲಿಯೂ ಒಂದು ಶಾಸ್ತ್ರವಿತ್ತು. ಎರಡು ಗಾಲಿಯ ಬಂಡಿಯಲ್ಲಿ ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳನ್ನು ಬಿಗಿಯುತ್ತದೆ. ಹಿಟ್ಟು ಬೇಳೆಗಳ ಚೀಲ, ನೀರಿನ ಕೊಡ, ಪಾತ್ರೆಗಳ ಬುಟ್ಟಿ, ಎಲ್ಲವೂ ಅಚ್ಚಿನ ನೇರಕ್ಕೆ, ತಳಕ್ಕೆ. ಮುದುಕರೂ ಬಸುರಿಯರೂ ಅಚ್ಚಿನ ಸಮೀಪದಲ್ಲಿಯೇ ಕೂಡಬೇಕು; ಕುಲುಕಾಟ ಅಲ್ಲಿ ಕಡಿಮೆ. ಹುಡುಗರು ಹಿಂದೆ ಕಾಲು ಇಳಿಬಿಟ್ಟು ಎಲ್ಲಿಯಾದರೂ ಸಾಯಲಿ. ಬುತ್ತಿಯೆಂದರೆ ವಾರವಾದರೂ ಕೆಡದ ಸಜ್ಜಿಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳಿನ ಚಟ್ನಿ, ಮೊದಲ ದಿನಕ್ಕೆ ಮಾತ್ರ ಮೊಸರಬುತ್ತಿ.

ಆದರೆ ಕಾಕಾ ಅವರ ಮಾತಿನ ತಿರುಳು ಇದಾವುದೂ ಅಲ್ಲ. ಎತ್ತುಗಳು ಖಿಲಾರಿ ತಳಿಯವು, ಬಿರುಸಾಗಿ ನಡೆಯುವಂಥವು. ಆದರೂ ಅವು ಮೇಯಬೇಕು, ನೀರು ಕುಡಿಯಬೇಕು, ಮಲಗಿ ಮೆಲುಕು ಹಾಕಬೇಕು. ನಸುಕಿನ ಮೂರಕ್ಕೆ ಹೂಡಿದರೆ ಹೊತ್ತೇರುವ ಮುನ್ನ ಹಳ್ಳದ ದಂಡೆಯಲ್ಲಿ ಕೊರಳು ಬಿಡಬೇಕು; ಇಳಿಹೊತ್ತಿಗೆ ಮತ್ತೆ ಹೂಡಿದರೆ ತಿಂಗಳ ಬೆಳಕಿನಲ್ಲಿ ಒಂದಿಷ್ಟು ನಡೆದು ಮತ್ತೆ ತಂಗಬೇಕು. ಎತ್ತಿನ ಸಲುವಾಗಿ ನಿಂತಲ್ಲಿ ಹೆಂಗಸರೂ ನಿಲ್ಲುತ್ತಿದ್ದರು. ನಾಲ್ಕಾರು ಚಕ್ಕಡಿಗಳು ಕೂಡಿಯೇ ಹೋಗುವುದರಿಂದ ಹೆಂಗಸರ ಗುಂಪು ತನ್ನಷ್ಟಕ್ಕೆ ತಾನು ಹಳ್ಳದ ಮರೆಗೆ ಹೋಗಿಬರುತ್ತಿತ್ತು. ಯಾರೂ ಯಾರನ್ನೂ ಬೇಡಿಕೊಳ್ಳಬೇಕಾಗಿರಲಿಲ್ಲ. "ಎತ್ತಿಗಿ ಬಾಯಿಲ್ಲ, ಅದಕ್ಕ ನಾವ ತಿಳಕೊಂಡ ನಿಂದರತಿದ್ದಿವಿ. ನಿಮ್ಮ ಇಂಜಿನ್ನಿಗಿ ದಣಿವಿಲ್ಲ, ಅದಕ್ಕ ನೀವ ಯಾರನೂ ಕೇಳೂದಿಲ್ಲ" ಎಂದರು ಕಾಕಾ. ಕಾಲೇಜಿನಲ್ಲಿ ಪಾಠ ಹೇಳುವವನು ಆ ದಿನ ಕಟ್ಟೆಯ ಮೇಲೆ ಕುಳಿತು ಪಾಠ ಕೇಳಿದೆ.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಆ ಚಳಿಯಲ್ಲಿ ಕೂಸುಗಳಿಗೆ ಕೆಮ್ಮು ಹಿಡಿಯುತ್ತಿತ್ತು. ಕತ್ತಲೆಯಲ್ಲಿ ಹಾವು ಚೇಳುಗಳ ಅಂಜಿಕೆಯಿತ್ತು. ಹಳ್ಳದ ನೀರು ಕುಡಿದು ಬೇನೆ ಬಿದ್ದವರೂ ಇದ್ದರು. ಈಗ ಚಕ್ಕಡಿಗಳ ಬದಲು ಟ್ರ್ಯಾಕ್ಟರಿನ ಟ್ರೇಲರಿಗೆ ಕಮಾನು ಕಟ್ಟಿ ಗುಡ್ಡಕ್ಕೆ ಹೋಗುವವರೇ ಹೆಚ್ಚು. ಅದರಲ್ಲಿ ಜನರನ್ನು ಕೂಡಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಟ್ರೇಲರು ಮಗುಚಿ ಮನೆಮನೆಗಳೇ ಹಾಳಾದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಆ ಸುಖಕ್ಕೆ ನಾನಂತೂ ನನ್ನವರನ್ನು ಹತ್ತಿಸಲಾರೆ.

ಮನೆಯನ್ನು ಗಾಲಿಗಳ ಮೇಲೇರಿಸಿ ಸುಖಕ್ಕಾಗಿ ತಿರುಗಾಡುವ ಗೀಳು ಪಾಶ್ಚಾತ್ಯರಲ್ಲಿಯೂ ಬಹಳ ಹಳೆಯದೇನಲ್ಲ. ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯ, ಹುಡುಗರ ಸಾಹಸಕತೆಗಳ ಲೇಖಕ, 1885ರಲ್ಲಿ ಬ್ರಿಸ್ಟಲ್ಲಿನ ಒಂದು ಕಾರ್ಖಾನೆಯಲ್ಲಿ 'ವಾಂಡರರ್' ಎಂಬ ಬಂಡಿಯನ್ನು ಮಾಡಿಸಿಕೊಂಡು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸುತ್ತಿಬಂದ. ನಮ್ಮ ಗೋಕಾಕದ ನೂಲಿನ ಗಿರಣಿಯ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಅವನ ಬಂಡಿಗೆ ಎರಡು ಕುದುರೆ, ಒಳಗೆ ಪುಸ್ತಕಗಳ ಕಪಾಟು. ಮುಂದಿನ ದಾರಿಯನ್ನು ನೋಡಿಬರಲು ಮೂರು ಗಾಲಿಯ ಸೈಕಲ್ಲಿನ ಮೇಲೆ ಒಬ್ಬ ಸೇವಕ! ನಮ್ಮ ದೇಶದಲ್ಲಿ 2010ರ ಸುಮಾರಿಗೆ ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನುಗಳಿಗಾಗಿ ಒಂದು ನೀತಿಯನ್ನು ರೂಪಿಸಿತು. 2021ರಲ್ಲಿ ಕೇರಳ ತನ್ನದೇ ಒಂದನ್ನು ಮಾಡಿತು. ಬಾಡಿಗೆ ಮಾತ್ರ ಇನ್ನೂ ನಮ್ಮಂಥವರು ಎರಡು ಸಲ ಯೋಚಿಸಬೇಕಾದಷ್ಟಿದೆ.

ಗೆಳೆಯರ ವಾಹನದಲ್ಲಿ ಕುಳಿತು ನಾನು ಗಮನಿಸಿದುದೇನೆಂದರೆ, ಕಾಕಾ ಅವರ ಚಕ್ಕಡಿಯ ಶಾಸ್ತ್ರವೇ ಅಲ್ಲಿಯೂ ನಡೆಯುತ್ತದೆ. ಭಾರದ ಸಾಮಾನು ತಳಕ್ಕೆ, ಗಾಲಿಗಳ ನಡುವೆ. ಹಿಂದಿನ ಗಾಲಿಗಳಾಚೆ ಕುಳಿತವರಿಗೆ ಕುಲುಕಾಟ ಹೆಚ್ಚು, ಆದುದರಿಂದ ವಾಂತಿಯ ಕಾಟವಿದ್ದವರು ಮುಂದೆ ಕುಳಿತು ದೂರದ ದಾರಿಯನ್ನು ನೋಡುತ್ತಿರಬೇಕು. ರಾತ್ರಿ ನಿಲ್ಲಿಸುವಾಗ ನೆಲ ಮಟ್ಟಸವಿರಬೇಕು; ಇಳಿಜಾರಿನಲ್ಲಿ ತಲೆ ತಗ್ಗಾಗಿ ಮಲಗಿದವರು ಬೆಳಿಗ್ಗೆ ತಲೆಭಾರವೆಂದು ಗೊಣಗುತ್ತಾರೆ. ಎದುರುಬದುರಿನ ಎರಡು ಕಿಟಕಿಗಳನ್ನು ತುಸು ತೆರೆದಿಡದಿದ್ದರೆ ಉಸಿರಿನ ತೇವವೇ ಗೋಡೆಯಿಂದ ತೊಟ್ಟಿಕ್ಕುತ್ತದೆ. ಮಧ್ಯಾಹ್ನ ಮರದ ನೆರಳು ಹುಡುಕದೆ ನಿಲ್ಲಿಸಿದರೆ ಆ ತಗಡಿನ ಮನೆ ಬಾಣಲೆಯಾಗುತ್ತದೆ.

ಕುಳಿತೇ ಇರುವುದರ ಅಪಾಯವನ್ನಂತೂ ಯಾರೂ ಹಗುರವಾಗಿ ಎಣಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ವಿಮಾನವಿರಲಿ, ರೈಲಿರಲಿ, ಮೋಟಾರಿರಲಿ, ನಾಲ್ಕು ಗಂಟೆ ಮೀರಿ ಕದಲದೆ ಕುಳಿತವರ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೊಬ್ಬರಿಗೆ ಬಂದೀತೆಂಬಷ್ಟು ವಿರಳವೇ. ಆದರೆ ವಯಸ್ಸಾದವರನ್ನೂ ನೀರು ಕುಡಿಯದವರನ್ನೂ ಎರಡು ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಲು ಯಾವ ಖರ್ಚೂ ಇಲ್ಲ. ಗುಳಿಗೆಗಳ ಹೊತ್ತನ್ನು ಹೊಂದಿಸಿಕೊಳ್ಳುವುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಬಹುದು. ಅವ್ವನಂತೆ ತಾವಾಗಿಯೇ ಬಿಡಬಾರದು.

ಹಾಗಾದರೆ ಆ ಪುಟ್ಟ ಕದದ ಕೋಣೆಯೇ ಎಲ್ಲಕ್ಕೂ ಮದ್ದೆ? ಅಂದು ನಾನು ಹಾಗೆಯೇ ತಿಳಿದು, ಮುಂದಿನ ಸಲ ಇಂಥದನ್ನೇ ಬಾಡಿಗೆಗೆ ಹಿಡಿಯೋಣವೆಂದು ಉತ್ಸಾಹದಿಂದ ಅವ್ವನಿಗೆ ಹೇಳಿದೆ. ಅವಳು ಗೆಳೆಯರನ್ನು ಕೇಳಿದ ಪ್ರಶ್ನೆ ಒಂದೇ: "ಇದನ್ನ ತೊಳ್ಯಾವರು ಯಾರಪಾ?" ಅವರು ಪ್ರಾಮಾಣಿಕರು. ತಳದಲ್ಲಿ ಒಂದು ತೊಟ್ಟಿಯಿದೆ, ಅದು ತುಂಬಿದ ಮೇಲೆ ಸರಿಯಾದ ಸ್ಥಳ ಹುಡುಕಿ ಬರಿದು ಮಾಡಬೇಕು, ಆ ಕೆಲಸ ಚಾಲಕನದು ಎಂದರು. ಚಾಲಕ ತರುಣ ಗಾಲಿಯ ಪಕ್ಕದಲ್ಲಿ ಕುಳಿತು ಕಾಕಾ ಕೊಟ್ಟ ಚಹ ಕುಡಿಯುತ್ತಿದ್ದ. ಮಾತು ಕೇಳಿ ತಲೆ ತಗ್ಗಿಸಿದ. ಅವ್ವ, "ಹಂಗಿದ್ದರ ಬ್ಯಾಡ. ನನ್ನ ಸಲುವಾಗಿ ಆ ಹುಡುಗ ಅದನ್ಯಾಕ ಮಾಡಬೇಕು? ಸ್ವಚ್ಛ ಇದ್ದಲ್ಲಿ ನಿಂದರಸು, ಸಾಕು" ಎಂದಳು.

ಸ್ವಚ್ಛವಿದ್ದ ಕಡೆ ಎಂದುದು ಸುಲಭ, ಹುಡುಕುವುದು ಕಷ್ಟ. ಹೆದ್ದಾರಿಯ ಪೆಟ್ರೋಲು ಬಂಕುಗಳಲ್ಲಿ ಕೋಣೆಯಿದ್ದರೆ ಚಿಲಕವಿರುವುದಿಲ್ಲ, ಚಿಲಕವಿದ್ದರೆ ನೀರಿರುವುದಿಲ್ಲ. ಎರಡೂ ಇದ್ದಲ್ಲಿ ಬೀಗ ಹಾಕಿರುತ್ತದೆ. ಆದರೂ ನನ್ನ ಹೆಂಡತಿ ಒಂದು ನೋಟುಬುಕ್ಕನ್ನು ಇಟ್ಟಿದ್ದಾಳೆ. ಹೋದ ಹೋದ ದಾರಿಯಲ್ಲಿ ಯಾವ ಬಸ್ ನಿಲ್ದಾಣ, ಯಾವ ಖಾನಾವಳಿ, ಯಾವ ಬಂಕು ಹೆಂಗಸರು ಇಳಿಯಲು ಯೋಗ್ಯವೆಂದು ಅದರಲ್ಲಿ ಬರೆದುಕೊಳ್ಳುತ್ತಾಳೆ. ಅವಳ ಗೆಳತಿಯರು ಪ್ರವಾಸಕ್ಕೆ ಮುನ್ನ ಅದನ್ನು ಎರವಲು ಒಯ್ಯುತ್ತಾರೆ. ನನ್ನ ಶಾಸನಗಳ ಟಿಪ್ಪಣಿಯನ್ನು ಇದುವರೆಗೆ ಯಾರೂ ಎರವಲು ಕೇಳಿಲ್ಲ.

ಬರುವ ಬನದ ಹುಣ್ಣಿಮೆಗೆ ನಾವೆಲ್ಲ ಗುಡ್ಡಕ್ಕೆ ಹೊರಟಿದ್ದೇವೆ. ವಾಹನ ಅದೇ ಬಗೆಯ ಟೆಂಪೋ. ಮೋಟಾರಿಗೆ ಎರಡು-ಮೂರು ಗಂಟೆಯೂ ಹಿಡಿಯದ ದಾರಿಗೆ ಅವ್ವ ಇಡೀ ಒಂದು ದಿನವನ್ನು ಗೊತ್ತುಮಾಡಿದ್ದಾಳೆ. ಈ ಸಲದ ವೇಳಾಪಟ್ಟಿ ಅವಳದು. ಅವಳು ಹೇಳಿದಂತೆ ಮೊಮ್ಮಗಳು ಬರೆದುಕೊಂಡಿದ್ದಾಳೆ. ಗೋಕಾಕದಲ್ಲಿ ಒಂದು ನಿಲುಗಡೆ, ಯರಗಟ್ಟಿಯಲ್ಲಿ ಇನ್ನೊಂದು, ನಡುವೆ ನೆರಳಿದ್ದಲ್ಲಿ ಬುತ್ತಿ, ಜೋಗುಳಬಾವಿಯಲ್ಲಿ ಜಳಕ. ಹೊತ್ತು ಎಲ್ಲಿಯೂ ಬರೆದಿಲ್ಲ. ಕೊನೆಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದೊಂದು ಕೆಲಸವಿದೆ. ನನ್ನ ಹೆಸರಿನ ಮುಂದೆ 'ಕುಡಿಯುವ ನೀರು, ಎರಡು ಕೊಡ' ಎಂದಿದೆ.